ಮೆಚ್ಚುಗೆಯ ದಾರಿ

ಒಬ್ಬನಿಗೆ ಯಾವ ಹಾಡು ಪ್ರಿಯ, ಯಾವ ಕಾದಂಬರಿ ಪ್ರಿಯ ಎಂಬುದು ಅವನೊಬ್ಬನ ಮನಸ್ಸಿನ ಸಂಗತಿಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅವರವರ ರುಚಿ ಅವರವರಿಗೆ ಎಂದು ಹೇಳಿ ಮಾತು ಮುಗಿಸುತ್ತೇವೆ. ಆದರೆ ರುಚಿಗೂ ಒಂದು ಊರಿದೆ, ಒಂದು ಕಾಲವಿದೆ, ಅದು ನಮ್ಮಲ್ಲಿಗೆ ನಡೆದುಬಂದ ದಾರಿಯೊಂದಿದೆ. ನನ್ನ ಮೆಚ್ಚಿನ ಒಂದೇ ಕೃತಿಯನ್ನು ಹಿಡಿದು ಆ ದಾರಿಯನ್ನು ಹುಡುಕಲು ಇಲ್ಲಿ ಯತ್ನಿಸುತ್ತೇನೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಈ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದವು. ನ್ಯಾಮತಿ ಹೊನ್ನಾಳಿಯ ಮಡಿಲಲ್ಲಿತ್ತು. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ನಿಲಯ ಆರಂಭವಾಯಿತು. ಅದೇ ವರ್ಷ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯೂ ಆಯಿತು. ಪುಸ್ತಕವನ್ನಾಗಲಿ ಗ್ರಾಮಫೋನನ್ನಾಗಲಿ ಕೊಳ್ಳಲಾರದವನ ಬಳಿಗೂ ಸಾಹಿತ್ಯ, ಸಂಗೀತಗಳು ಬರುವುದಕ್ಕೆ ಹೀಗೆ ಹಾದಿಯಾಯಿತು.

ನಾನು ಹೇಳಹೊರಟ ಕೃತಿ ತ.ರಾ.ಸು. ಅವರ ‘ಹಂಸಗೀತೆ’. 1920ರಲ್ಲಿ ತ.ರಾ.ಸು. ಹುಟ್ಟಿದ್ದು ಮಲೇಬೆನ್ನೂರಿನಲ್ಲಿ, ಹೊನ್ನಾಳಿಗೂ ಚನ್ನಗಿರಿಗೂ ಅದು ದೂರದ ಊರಲ್ಲ. 1952ರಲ್ಲಿ ಪ್ರಕಟವಾದ ಈ ಕಾದಂಬರಿ ಭೈರವಿ ವೆಂಕಟಸುಬ್ಬಯ್ಯನೆಂಬ ಗಾಯಕನ ಕಥೆ. ಚಿತ್ರದುರ್ಗದ ಹಿನ್ನೆಲೆಯ ಈ ಗಾಯಕ ಅಧಿಕಾರದ ಅಪ್ಪಣೆಗೆ ಹಾಡಲಾರೆನೆಂದು ನಾಲಗೆಯನ್ನೇ ತೆತ್ತವನು. ನನಗೆ ಈ ಕೃತಿ ಪ್ರಿಯವಾದದ್ದು ಆ ಒಂದು ನಿರಾಕರಣೆಗಾಗಿ.

ಈ ಕಥೆ 1956ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರವಾಯಿತು. ನಾಯಕನ ಹೆಸರು ಗೋಪಾಲನೆಂದಾಯಿತು. ಶಂಕರ್–ಜೈಕಿಶನ್ ಸಂಗೀತ ನೀಡಿದರು. ನಮ್ಮ ಗದಗ ಸೀಮೆಯ ಭೀಮಸೇನ ಜೋಶಿಯವರು ಮನ್ನಾ ಡೇ ಅವರೊಡನೆ ಹಾಡಿದರು. ಅದು ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಅವರು ಆಕಾಶವಾಣಿಯಿಂದ ಚಲನಚಿತ್ರ ಗೀತೆಗಳನ್ನು ದೂರವಿಟ್ಟಿದ್ದ ಕಾಲ. 1957ರ ಅಕ್ಟೋಬರಿನಲ್ಲಿ ವಿವಿಧಭಾರತಿ ಬರುವವರೆಗೆ ಅಂಥ ಗೀತೆಗಳಿಗಾಗಿ ಜನ ಸಿಲೋನ್ ರೇಡಿಯೋವನ್ನು ಹುಡುಕುತ್ತಿದ್ದರು. ಮಲೇಬೆನ್ನೂರಿನ ಮಗ ಬರೆದ ಕಥೆಯ ಹಾಡು ಮುಂಬಯಿಗೆ ಹೋಗಿ, ಸಮುದ್ರ ದಾಟಿ, ಪುನಃ ನಮ್ಮ ಕಡೆಯ ಪಡಸಾಲೆಗಳಿಗೆ ಬರಬೇಕಾಯಿತು! ಅದನ್ನು ಕೇಳಿ ತಲೆದೂಗಿದವರಲ್ಲಿ ಅದು ನೆರೆಯೂರಿನವನ ಕಥೆಯೆಂದು ಬಲ್ಲವರು ಎಷ್ಟು ಮಂದಿ ಇದ್ದಾರು?

1975ರಲ್ಲಿ ಜಿ.ವಿ. ಅಯ್ಯರ್ ಅವರು ಅದೇ ಕಾದಂಬರಿಯನ್ನು ಕನ್ನಡದಲ್ಲಿ ಚಿತ್ರವಾಗಿಸಿದರು. ಅನಂತನಾಗ್ ವೆಂಕಟಸುಬ್ಬಯ್ಯನಾದರು, ಅದರ ಗಾಯನಕ್ಕಾಗಿ ಬಾಲಮುರಳೀಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಕಥೆ ಮನೆಗೆ ಮರಳಿತು. ದೂರದರ್ಶನದ ಕಾಲದಲ್ಲಿಯೂ ಇಂಥದೇ ಪ್ರಸಂಗವೊಂದು ನಡೆಯಿತು. 1986ರಿಂದ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಶಂಕರನಾಗ್ ಚಿತ್ರಿಸಿದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ. ನಮ್ಮ ಪಕ್ಕದ ಆಗುಂಬೆಯೇ ಹಿಂದಿ ಮಾತನಾಡುತ್ತ ನಮ್ಮ ಮುಂದೆ ನಿಂತಿತು.

ಒಂದು ಕಾದಂಬರಿಯ ಮೆಚ್ಚುಗೆಯಲ್ಲಿ ಇಷ್ಟು ಚರಿತ್ರೆ ಅಡಗಿದೆ. ಒಂದು ಕಾಯಿದೆ, ಒಂದು ನಿಷೇಧ, ಒಂದು ಪ್ರಸಾರ ನಿಲಯ ಇವೆಲ್ಲವೂ ಸೇರಿ ನನ್ನ ಮೆಚ್ಚುಗೆಯನ್ನು ರೂಪಿಸಿವೆ. ಇಂದು ಕೈಯೊಳಗಿನ ಫೋನಿನಲ್ಲಿ ಬೇಕಾದ ಹಾಡು ಬೇಕಾದಾಗ ದೊರೆಯುತ್ತದೆ; ಅದು ಒಳ್ಳೆಯದೇ. ಆದರೆ ಅದು ಯಾರ ಮನೆಯಿಂದ ಹೊರಟು ಬಂದಿತೆಂದು ಕೇಳುವ ವ್ಯವಧಾನ ಉಳಿಯದಿದ್ದರೆ, ನಮ್ಮದನ್ನೇ ಪರರದೆಂದು ಹೊಗಳುತ್ತೇವೆ.

ಸಂತೇಬೆನ್ನೂರಿನ ಪುಷ್ಕರಣಿ ಪಾಳೆಯಗಾರರ ಅಭಿರುಚಿಯನ್ನು ಕಲ್ಲಿನಲ್ಲಿ ಉಳಿಸಿದೆ. ಕೇಳಿದವರ, ಓದಿದವರ ಅಭಿರುಚಿಗೆ ಕಲ್ಲಿಲ್ಲ, ಶಾಸನವಿಲ್ಲ. ಅದು ಇರುವುದು ನಮ್ಮ ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ, ಅವರೊಡನೆಯೇ ಅಳಿಯುವಂಥದು. ಅವರಿಗೆ ಯಾವ ಹಾಡು ಪ್ರಿಯವಾಗಿತ್ತು, ಅದನ್ನು ಎಲ್ಲಿ, ಯಾರ ಮನೆಯ ರೇಡಿಯೋದಲ್ಲಿ ಕೇಳಿದರು ಎಂದು ವಿಚಾರಿಸಿ, ಇಸವಿಯೊಂದಿಗೆ ಬರೆದಿಡಿ. ನಾಲ್ಕು ತಾಲ್ಲೂಕುಗಳ ನಿಜವಾದ ಸಾಂಸ್ಕೃತಿಕ ಇತಿಹಾಸಕ್ಕೆ ಅದೇ ಮೊದಲ ಪುಟವಾದೀತು.