‘ಅಧ್ಯಯನ ಹೇಳಿದೆ’ ಎಂದರೆ ನಂಬಬಹುದೇ? ಪುನರಾವರ್ತನೆ ಪರೀಕ್ಷೆ ಎಂದರೇನು?

ಒಂದು ಸಂಶೋಧನೆಯ ಫಲಿತಾಂಶ ನಿಜವೇ ಎಂದು ತಿಳಿಯಲು ಬೇರೆ ತಂಡ ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡುವುದೇ ಪುನರಾವರ್ತನೆ ಪರೀಕ್ಷೆ.

ಮನಃಶಾಸ್ತ್ರ: 2015ರಲ್ಲಿ ಅಮೆರಿಕದ ಬ್ರಿಯಾನ್ ನೊಸೆಕ್ ನೇತೃತ್ವದಲ್ಲಿ 100 ಅಧ್ಯಯನಗಳನ್ನು ಮತ್ತೆ ನಡೆಸಲಾಯಿತು. ಮೂಲದಲ್ಲಿ ಶೇ. 97ರಷ್ಟು ಅಧ್ಯಯನಗಳು ಗಣನೀಯ ಫಲಿತಾಂಶ ನೀಡಿದ್ದವು. ಮರುಪ್ರಯೋಗದಲ್ಲಿ ನೀಡಿದ್ದು ಶೇ. 36 ಮಾತ್ರ.

ಅರ್ಥಶಾಸ್ತ್ರ: 2016ರಲ್ಲಿ 18 ಪ್ರಯೋಗಗಳ ಪೈಕಿ 11 ದೃಢಪಟ್ಟವು.

ಕ್ಯಾನ್ಸರ್: ಆಮ್ಜೆನ್ ಕಂಪನಿಯ ವಿಜ್ಞಾನಿಗಳು ಪರೀಕ್ಷಿಸಿದ 53 ಮಹತ್ವದ ಅಧ್ಯಯನಗಳಲ್ಲಿ ದೃಢಪಟ್ಟಿದ್ದು 6 ಎಂದು 2012ರಲ್ಲಿ ವರದಿಯಾಯಿತು.

ಹಾಗೆಂದು ಉಳಿದವೆಲ್ಲ ಮೋಸವಲ್ಲ. ಪ್ರಯೋಗಕ್ಕೆ ಒಳಪಟ್ಟವರ ಸಂಖ್ಯೆ ಕಡಿಮೆ ಇರುವುದು, ಅಚ್ಚರಿಯ ಫಲಿತಾಂಶಕ್ಕೇ ಜರ್ನಲ್‌ಗಳು ಮಣೆ ಹಾಕುವುದು ಮುಖ್ಯ ಕಾರಣಗಳು. ಆದ್ದರಿಂದ ಒಂದೇ ಅಧ್ಯಯನ ನಂಬಿ ಔಷಧ, ಆಹಾರ ಬದಲಿಸಬೇಡಿ.