ಶುದ್ಧ ನೀರನ್ನು ಯಾವ ಪಾತ್ರೆ, ಯಾವ ಪೈಪಿನಲ್ಲಿಟ್ಟರೂ ನಡೆಯುತ್ತದೆಯೇ?

ಚಳ್ಳಕೆರೆ, ಮೊಳಕಾಲ್ಮುರು ಭಾಗದ ಅನೇಕ ಮನೆಗಳಲ್ಲಿ ಈಗ ಮೂರು ಬಗೆಯ ನೀರು ಇರುತ್ತದೆ. ಬಳಕೆಗೆ ಕೊಳವೆಬಾವಿಯ ಗಡಸು ನೀರು, ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ಆರ್‌ಒ ನೀರು, ಇನ್ವರ್ಟರಿಗೆ ಅಂಗಡಿಯಿಂದ ತಂದ ಬ್ಯಾಟರಿ ನೀರು. ಇವುಗಳ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಸಲಹೆಗಳಿಗೆ ಬರವಿಲ್ಲ. ಆರ್‌ಒ ನೀರನ್ನು ತಾಮ್ರದ ಬಿಂದಿಗೆಯಲ್ಲಿಟ್ಟರೆ ಸತ್ವ ಬರುತ್ತದೆ, ಬ್ಯಾಟರಿಗೂ ಆರ್‌ಒ ನೀರೇ ಸಾಕು, ಶುದ್ಧ ನೀರಿನಿಂದ ಪೈಪ್ ಕೆಡುವುದೇ ಇಲ್ಲ ಎನ್ನುತ್ತವೆ ಕೆಲವು ಸಂದೇಶಗಳು. ಇವುಗಳಲ್ಲಿ ಎಷ್ಟು ನಿಜ?

ಒಂದೇ ಮಾತಿನಲ್ಲಿ ಉತ್ತರ: ನೀರು ಶುದ್ಧವಾದಷ್ಟೂ ತಾನು ಮುಟ್ಟಿದ ಲೋಹವನ್ನು ಕರಗಿಸಿಕೊಳ್ಳುವುದು ಹೆಚ್ಚು. ಆದ್ದರಿಂದ ಪಾತ್ರೆ, ಪೈಪ್, ನಲ್ಲಿಗಳ ಆಯ್ಕೆಯೂ ಮುಖ್ಯ.

ಶುದ್ಧ ನೀರು ಲೋಹವನ್ನು ಏಕೆ ಕರಗಿಸುತ್ತದೆ?

ಕೊಳವೆಬಾವಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ತುಂಬಿರುತ್ತವೆ. ಕೊಡದ ಒಳಗೆ ಬಿಳಿ ಪದರ ಕಟ್ಟುವುದು ಇವುಗಳಿಂದಲೇ. ಪೈಪಿನೊಳಗೂ ಅಂಥದೇ ಪದರ ಕಟ್ಟಿ, ಲೋಹಕ್ಕೆ ನೀರು ನೇರವಾಗಿ ತಾಗುವುದನ್ನು ಬಹುಮಟ್ಟಿಗೆ ತಡೆಯುತ್ತದೆ.

ಲವಣಗಳನ್ನು ಬಹುಪಾಲು ಪೂರ್ತಿ ತೆಗೆದ ನೀರನ್ನು ಡಿಅಯಾನೀಕೃತ ಅಥವಾ ಡಿಐ ನೀರು ಎನ್ನುತ್ತಾರೆ. ಇದರಲ್ಲಿ ಪದರ ಕಟ್ಟಲು ಏನೂ ಉಳಿದಿರುವುದಿಲ್ಲ. ಜೊತೆಗೆ ಇದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಪಿಎಚ್ 7ರಿಂದ ಸುಮಾರು 5.6ಕ್ಕೆ ಇಳಿಯುತ್ತದೆ. ಆರ್‌ಒ ನೀರಿನಲ್ಲಿ ಲವಣ ಸ್ವಲ್ಪ ಉಳಿದಿರುತ್ತದೆ, ಆದರೂ ಅದರ ಗುಣ ಇದೇ ದಿಕ್ಕಿನದು.

ಹಾಗೆಂದು ಇದು ಲೋಹವನ್ನು ತಿಂದುಹಾಕುವ ಆಸಿಡ್ ಅಲ್ಲ. ಕರಗುವುದು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಆದರೆ ಕುಡಿಯುವ ನೀರಿನ ಮಿತಿಗಳನ್ನು ಹಾಕುವುದೂ ಮಿಲಿಗ್ರಾಂ ಲೆಕ್ಕದಲ್ಲೇ.

ತಾಮ್ರದ ಬಿಂದಿಗೆಯಲ್ಲಿ ಆರ್‌ಒ ನೀರು: ಸರಿಯೇ?

ಹುಳಿ ಪದಾರ್ಥವನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಇಡಬಾರದು ಎಂಬುದು ನಮ್ಮ ಅಡುಗೆಮನೆಯ ಹಳೆಯ ತಿಳಿವಳಿಕೆ. ಹುಳಿ ತಾಕಿದರೆ ಲೋಹ ಕರಗಿ ಕಿಲುಬಾಗುತ್ತದೆ. ತುಸು ಆಮ್ಲೀಯವಾದ ಆರ್‌ಒ ನೀರಿನಲ್ಲಿ ಇದೇ ಕ್ರಿಯೆ ನಿಧಾನವಾಗಿ ನಡೆಯುತ್ತದೆ. ಕುಡಿಯುವ ನೀರಿನಲ್ಲಿ ತಾಮ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 2 ಮಿಲಿಗ್ರಾಂ. ಅದು ಮೀರಿದರೆ ವಾಕರಿಕೆ, ಹೊಟ್ಟೆನೋವು ಬರಬಹುದು. ಆರ್‌ಒ ನೀರನ್ನು ದಿನಗಟ್ಟಲೆ ತಾಮ್ರದಲ್ಲಿ ಇಡಬೇಡಿ. ಲೋಹದ ರುಚಿ ಬಂದರೆ ಅಥವಾ ಹಸಿರು ಕಿಲುಬು ಕಂಡರೆ ಆ ನೀರನ್ನು ಚೆಲ್ಲಿ.

ಇನ್ನೊಂದು ಮಾತು. ತಾಮ್ರದ ಪಾತ್ರೆ ಫ್ಲೋರೈಡ್ ತೆಗೆಯುವುದಿಲ್ಲ. ಕುದಿಸಿದರೂ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಫ್ಲೋರೈಡ್ ಸಾಂದ್ರವಾಗುತ್ತದೆ. ಟಿಡಿಎಸ್ ಮೀಟರ್ ಒಟ್ಟು ಲವಣವನ್ನಷ್ಟೇ ಅಂದಾಜಿಸುತ್ತದೆ, ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಹಲ್ಲು ಕಲೆಗಟ್ಟುವುದು, ಮೂಳೆ, ಕೀಲು ಬಿಗಿಯುವುದು ಇದರ ಫಲ. ಹಾಗಾಗಿ ಈ ಲೇಖನ ಓದಿ ಆರ್‌ಒ ನೀರು ಬಿಟ್ಟು ಕೊಳವೆಬಾವಿ ನೀರಿಗೆ ಮರಳಬೇಡಿ. ಬದಲಿಸಬೇಕಾದದ್ದು ಪಾತ್ರೆಯನ್ನು.

ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ?

* ಆಹಾರ ದರ್ಜೆಯ ಪ್ಲಾಸ್ಟಿಕ್ (ಎಚ್‌ಡಿಪಿಇ, ಪಾಲಿಪ್ರೊಪಿಲೀನ್): ಆರ್‌ಒ, ಡಿಐ ಎರಡಕ್ಕೂ ಸರಿ. ಬಣ್ಣ, ಕೀಟನಾಶಕ ತುಂಬಿದ್ದ ಕ್ಯಾನ್ ಮಾತ್ರ ಎಷ್ಟು ತೊಳೆದರೂ ಬೇಡ.
* ಸ್ಟೇನ್‌ಲೆಸ್ ಸ್ಟೀಲ್: ಕುಡಿಯುವ ಆರ್‌ಒ ನೀರಿಗೆ 304 ದರ್ಜೆ ಸಾಕು. ಔಷಧ ಕಾರ್ಖಾನೆಗಳ ಅತಿ ಶುದ್ಧ ನೀರಿಗೆ 316ಎಲ್ ಬಳಸುತ್ತಾರೆ.
* ಪಿವಿಸಿ, ಸಿಪಿವಿಸಿ ಪೈಪ್: ಕುಡಿಯುವ ನೀರಿಗೆಂದು ಐಎಸ್‌ಐ ಗುರುತು ಇರುವುದನ್ನೇ ಕೊಳ್ಳಿ. ಹಿಂದೆ ಪಿವಿಸಿ ತಯಾರಿಕೆಯಲ್ಲಿ ಸೀಸದ ಸಂಯುಕ್ತ ಬಳಸುತ್ತಿದ್ದರು. ಅದನ್ನು ನಿಯಂತ್ರಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು.
* ಜಿಐ ಪೈಪ್: ಬೇಡ. ಮೊದಲು ಸತುವಿನ ಲೇಪನ, ಆಮೇಲೆ ಕಬ್ಬಿಣ ಕರಗುತ್ತದೆ.
* ಹಿತ್ತಾಳೆ ನಲ್ಲಿ: ಸತು, ತಾಮ್ರ, ಕೆಲವದರಲ್ಲಿ ಸೀಸವೂ ಬಿಡುತ್ತದೆ. ಈಗಾಗಲೇ ಇದ್ದರೆ ಬೆಳಿಗ್ಗೆ ಮೊದಲು ಬರುವ ನೀರನ್ನು ಕುಡಿಯಲು ಹಿಡಿಯಬೇಡಿ.
* ಅಲ್ಯೂಮಿನಿಯಂ: ಶೇಖರಣೆಗೆ ಬೇಡ.

ಬ್ಯಾಟರಿಗೆ ಆರ್‌ಒ ನೀರು ಸಾಕೇ?

ಸಾಲದು. ಆರ್‌ಒ ನೀರಿನಲ್ಲಿ ಉಳಿದ ಕ್ಲೋರೈಡ್, ಕಬ್ಬಿಣದಂಥವು ಬ್ಯಾಟರಿಯ ಪ್ಲೇಟುಗಳನ್ನು ಕೆಡಿಸುತ್ತವೆ, ಚಾರ್ಜ್ ತಾನಾಗಿ ಇಳಿಯುವಂತೆ ಮಾಡುತ್ತವೆ. ಬ್ಯಾಟರಿ ನೀರಿಗೆ ಭಾರತೀಯ ಮಾನಕ ಬ್ಯೂರೋದ ಪ್ರತ್ಯೇಕ ಮಾನದಂಡವೇ ಇದೆ (ಐಎಸ್ 1069). ಒಳ್ಳೆಯ ನೀರು ತಂದು ಹಿತ್ತಾಳೆ ಚೊಂಬಿನಲ್ಲೋ ತಗಡಿನ ಆಲಿಕೆಯಲ್ಲೋ ಸುರಿದರೆ ಕೊಟ್ಟ ಹಣ ವ್ಯರ್ಥ. ಅದು ಬಂದ ಕ್ಯಾನಿನಲ್ಲೇ ಇರಲಿ, ಪ್ಲಾಸ್ಟಿಕ್ ಆಲಿಕೆ ಬಳಸಿ, ಮುಚ್ಚಳ ಬಿಗಿ ಮಾಡಿ. ಅದನ್ನು ಕುಡಿಯಬೇಡಿ. ಅದು ಕುಡಿಯಲೆಂದು ತಯಾರಾದ ನೀರಲ್ಲ.

ಪೈಪಿನ ಆಯ್ಕೆ ಜೀವದ ಪ್ರಶ್ನೆಯಾಗುವುದು ಎಲ್ಲಿ?

ಡಯಾಲಿಸಿಸ್‌ನಲ್ಲಿ. ನಾಲ್ಕು ಗಂಟೆಯ ಒಂದು ಸರದಿಗೆ ಸುಮಾರು 120 ಲೀಟರ್ ನೀರು ಬೇಕು. ಅದಕ್ಕೂ ರೋಗಿಯ ರಕ್ತಕ್ಕೂ ನಡುವೆ ಇರುವುದು ತೆಳುವಾದ ಪೊರೆ ಮಾತ್ರ. ಡಯಾಲಿಸಿಸ್‌ನ ಆರಂಭದ ದಶಕಗಳಲ್ಲಿ ಉಪಕರಣದ ತಾಮ್ರ ಕರಗಿ ರೋಗಿಗಳ ಕೆಂಪು ರಕ್ತಕಣ ಒಡೆದ ಪ್ರಕರಣಗಳು ವಿದೇಶಗಳಲ್ಲಿ ನಡೆದವು. ನೀರಿನ ಅಲ್ಯೂಮಿನಿಯಂನಿಂದ ಮಿದುಳಿಗೆ ಹಾನಿಯಾದದ್ದೂ ಉಂಟು. ಹಾಗಾಗಿ ಈ ನೀರಿನಲ್ಲಿ ತಾಮ್ರ ಲೀಟರಿಗೆ 0.1, ಅಲ್ಯೂಮಿನಿಯಂ 0.01, ಫ್ಲೋರೈಡ್ 0.2 ಮಿಲಿಗ್ರಾಂ ಮೀರಬಾರದು. ಆರ್‌ಒ ಯಂತ್ರ ದಾಟಿದ ನೀರಿನ ದಾರಿಯಲ್ಲಿ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಜಿಐ ಇರಕೂಡದು. ರಿಪೇರಿ ಹೊತ್ತಿನಲ್ಲಿ ಕೈಗೆ ಸಿಕ್ಕ ಹಿತ್ತಾಳೆ ನಲ್ಲಿ ಜೋಡಿಸುವುದು ಇಲ್ಲಿ ಸಣ್ಣ ತಪ್ಪಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಆರ್‌ಒ ನೀರಿಗೆ ಸ್ಟೀಲ್ ಅಥವಾ ಆಹಾರ ದರ್ಜೆಯ ಪ್ಲಾಸ್ಟಿಕ್, ಬ್ಯಾಟರಿ ನೀರಿಗೆ ಅದರದೇ ಕ್ಯಾನ್. ಫ್ಲೋರೈಡ್ ಅನುಮಾನವಿದ್ದರೆ ನೀರಿನ ಪ್ರಯೋಗಾಲಯದಲ್ಲಿ ಪರೀಕ್ಷೆ. ಹಂಚುವುದಿದ್ದರೆ ಇಷ್ಟನ್ನು ಹಂಚಿ.