ಪರ್ಯಾಯ ಕಾರ್ಯಾಚರಣ ವ್ಯವಸ್ಥೆ: ವರ್ಚುವಲ್ ಯಂತ್ರದಲ್ಲಿ ಪರೀಕ್ಷಿಸುವ ವಿಧಾನ

ಮಲ್ಲತ್ತಹಳ್ಳಿ ಹಾಗೂ ಸುತ್ತಮುತ್ತಲಿನ ನಾಗರಿಕರು ಮನೆಯ ಗಣಕಯಂತ್ರದಿಂದಲೇ ಸೇವಾ ಸಿಂಧು ಮೂಲಕ ವಿವಿಧ ಸೇವೆಗಳಿಗೆ ಅರ್ಜಿ ಸಲ್ಲಿಸಬಹುದಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 14-10-2025ರಂದು ಕೊನೆಗೊಂಡಿರುತ್ತದೆ. ಅದರ ಬದಲಿಗೆ ಲಿನಕ್ಸ್ ವ್ಯವಸ್ಥೆಯನ್ನು ಬಳಸಲಿಚ್ಛಿಸುವವರು, ಹಳೆಯ ವ್ಯವಸ್ಥೆಯನ್ನು ಅಳಿಸುವ ಮುನ್ನ ಹೊಸದನ್ನು ವರ್ಚುವಲ್ ಯಂತ್ರದಲ್ಲಿ ಪರೀಕ್ಷಿಸುವುದು ಸೂಕ್ತ.

ವರ್ಚುವಲ್ ಯಂತ್ರವೆಂದರೆ ಗಣಕಯಂತ್ರದೊಳಗೆ ತಂತ್ರಾಂಶವು ನಿರ್ಮಿಸುವ ಮತ್ತೊಂದು ಗಣಕಯಂತ್ರ. ಅದರಲ್ಲಿ ದೋಷವುಂಟಾದಲ್ಲಿ ಅದನ್ನಷ್ಟೇ ಅಳಿಸಬಹುದು. ಮೂಲ ವ್ಯವಸ್ಥೆಯ ಕಡತಗಳು ಹಾಗೆಯೇ ಉಳಿಯುತ್ತವೆ.

ವಿಧಾನ:
1. ವರ್ಚುವಲ್‌ಬಾಕ್ಸ್ ತಂತ್ರಾಂಶವನ್ನು ಅದರ ಅಧಿಕೃತ ಜಾಲತಾಣದಿಂದ ಪಡೆದು ಅಳವಡಿಸುವುದು.
2. ಉಬುಂಟು ಅಥವಾ ಸಿ-ಡ್ಯಾಕ್ ಸಂಸ್ಥೆಯು ರೂಪಿಸಿದ ಬಾಸ್ ಲಿನಕ್ಸ್‌ನ ಐಎಸ್‌ಒ ಕಡತವನ್ನು ಪಡೆಯುವುದು.
3. 8 ಜಿಬಿ ರ್‍ಯಾಮ್ ಉಳ್ಳ ಗಣಕಯಂತ್ರದಲ್ಲಿ, ವರ್ಚುವಲ್ ಯಂತ್ರಕ್ಕೆ 4 ಜಿಬಿ ರ್‍ಯಾಮ್ ಹಾಗೂ 25 ಜಿಬಿ ಡಿಸ್ಕ್ ಸ್ಥಳವನ್ನು ನಿಗದಿಪಡಿಸುವುದು.

ಪರಿಶೀಲಿಸಬೇಕಾದ ಅಂಶಗಳು:
ಅ) ಕನ್ನಡ ಕೀಲಿಮಣೆ, ಅರ್ಜಿ ನಮೂನೆ ಹಾಗೂ ಪಿಡಿಎಫ್ ಪ್ರಮಾಣಪತ್ರಗಳು ಸರಿಯಾಗಿ ತೆರೆಯುತ್ತವೆಯೇ ಎಂಬುದು.
ಆ) ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಪತ್ರಗಳು. ಆ ಅಕ್ಷರವಿನ್ಯಾಸಗಳಿಲ್ಲದ ಯಂತ್ರದಲ್ಲಿ ಕನ್ನಡದ ಬದಲು ಅರ್ಥವಾಗದ ಚಿಹ್ನೆಗಳು ಕಾಣುತ್ತವೆ. ಆದುದರಿಂದ ಇವುಗಳನ್ನು ಮುಂಚಿತವಾಗಿ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳತಕ್ಕದ್ದು.
ಇ) ಡಿಜಿಟಲ್ ಸಹಿಯ ಟೋಕನ್ ಬಳಸುವವರು, ಅದರ ಲಿನಕ್ಸ್ ಚಾಲಕ ತಂತ್ರಾಂಶದ ಲಭ್ಯತೆ.

ವಿಶೇಷ ಸೂಚನೆ: ವರ್ಚುವಲ್ ಯಂತ್ರವು ಪರೀಕ್ಷೆಗೆ ಮಾತ್ರ. ಬೆಂಬಲ ಮುಗಿದ ಮೂಲ ವ್ಯವಸ್ಥೆಯು ಇದರಿಂದ ಸುರಕ್ಷಿತವಾಗುವುದಿಲ್ಲ. ಪರೀಕ್ಷೆ ತೃಪ್ತಿಕರವಾದಲ್ಲಿ, ಎಲ್ಲಾ ದಾಖಲೆಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ, ಅವು ಬೇರೊಂದು ಗಣಕಯಂತ್ರದಲ್ಲಿ ತೆರೆಯುವುದನ್ನು ಖಚಿತಪಡಿಸಿಕೊಂಡ ನಂತರವೇ ಹೊಸ ವ್ಯವಸ್ಥೆಯನ್ನು ಅಳವಡಿಸತಕ್ಕದ್ದು.